ಸೊಗಸಾಗಿ ನುಡಿಸಲಾರದವರ ಹಾಡುಗಳು: ಇರೇಸರ್‌ಹೆಡ್ಸ್ ತಂಡದ ಮೊದಲ ಆಲ್ಬಂ

ಸಭಿಕರೇ,

1970ರ ದಶಕದ ಫಿಲಿಪ್ಪೀನ್ಸ್ ಪಾಪ್ ಸಂಗೀತವಾದ 'ಮನಿಲಾ ಸೌಂಡ್' ಕಾಲದ ಇತಿಹಾಸ ನಿಮಗೆ ಗೊತ್ತಿರುವುದರಿಂದ ನೇರವಾಗಿ 1993ಕ್ಕೆ ಬರುತ್ತೇನೆ. ಆ ವರ್ಷ ಫಿಲಿಪ್ಪೀನ್ಸಿನ ರಾಕ್ ತಂಡ ಇರೇಸರ್‌ಹೆಡ್ಸ್ ಹೊರತಂದ 'ಅಲ್ಟ್ರಾಎಲೆಕ್ಟ್ರೋಮ್ಯಾಗ್ನೆಟಿಕ್‌ಪಾಪ್!' ಆಲ್ಬಮ್ಮನ್ನು ಹೊಗಳುವವರೂ ಅದರ ಹಾಡುಗಾರಿಕೆ ಹದಗೊಂಡಿಲ್ಲ, ವಾದನದಲ್ಲಿ ನಯವಿಲ್ಲ ಎಂದು ಒಂದಿಷ್ಟು ಸಂಕೋಚಪಟ್ಟೇ ಹೊಗಳುತ್ತಾರೆ. ಆ ಒರಟುತನವೇ ಅದರ ಸತ್ವವೆಂಬುದು ನನ್ನ ವಾದ.

ಡಿಲಿಮನ್‌ನ ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ ಜೊತೆಯಾದ ಈಲಿ ಬುಯೆಂಡಿಯಾ, ರೇಮಂಡ್ ಮಾರಾಸಿಗನ್, ಬಡ್ಡಿ ಜಬಾಲಾ ಮತ್ತು ಮಾರ್ಕಸ್ ಅಡೋರೊ ಅವರಿಗೆ ಪರರ ಹಾಡುಗಳನ್ನು ಯಥಾವತ್ತಾಗಿ ನುಡಿಸುವ ಕೌಶಲವಿರಲಿಲ್ಲ. ಆದ್ದರಿಂದಲೇ ಅವರು ಸ್ವಂತ ಹಾಡುಗಳ ರಚನೆಗೆ ಒತ್ತುಕೊಟ್ಟರು. ಧ್ವನಿಮುದ್ರಣ ಸಂಸ್ಥೆಗಳು ಅವರ ಹಾಡುಗಳಲ್ಲಿ ಪಾಪ್ ಸಾಲದೆಂದು ತಿರಸ್ಕರಿಸಿದಾಗ, ಹುಡುಗರು ತಮ್ಮ ಡೆಮೊ ಕ್ಯಾಸೆಟ್ಟಿಗೆ 'ಪಾಪ್-ಯು!' ಎಂದು ಹೆಸರಿಟ್ಟು ಸೇಡು ತೀರಿಸಿಕೊಂಡರು. ಆಲ್ಬಂನ ಹೆಸರಿನಲ್ಲೂ ತುಂಟತನವಿದೆ: ಅದು 'ವೋಲ್ಟಿಸ್ ಫೈವ್' ಎಂಬ ಜಪಾನಿ ಕಾರ್ಟೂನಿನ ರೋಬೋ ಬಳಸುವ ಆಯುಧದ ಹೆಸರಿನ ಮೇಲೆ ಕಟ್ಟಿದ್ದು. ಆ ಕಾರ್ಟೂನಿನ ಕೊನೆಯ ಕಂತುಗಳು ಬಾಕಿಯಿರುವಾಗಲೇ, 1979ರಲ್ಲಿ, ಫಿಲಿಪ್ಪೀನ್ಸಿನ ಮಾರ್ಕೋಸ್ ಸರ್ಕಾರ ಅದನ್ನು ನಿಷೇಧಿಸಿತ್ತು. ಅಂದು ಕಥೆಯ ಮುಕ್ತಾಯ ಕಾಣದೆ ನಿರಾಶರಾದ ಮಕ್ಕಳು 1993ರ ಹೊತ್ತಿಗೆ ಕ್ಯಾಸೆಟ್ಟು ಕೊಳ್ಳುವ ವಯಸ್ಸಿಗೆ ಬಂದಿದ್ದರು.

ನನಗೆ ಅತಿ ಪ್ರಿಯವಾದ 'ತಿಂಡಾಹನ್ ನಿ ಆಲಿಂಗ್ ನೇನಾ' ಹಾಡಿನಲ್ಲಿ, ಹುಡುಗನೊಬ್ಬ ನೇನಾ ಎಂಬಾಕೆಯ ಬೀದಿಯಂಗಡಿಗೆ ವಿನೆಗರ್ ಕೊಳ್ಳಲು ಹೋಗುತ್ತಾನೆ. ಹಣ ಕೊಡುವಾಗ ಕಿಟಕಿಯಲ್ಲಿ ಯುವತಿಯೊಬ್ಬಳು ಕಾಣುತ್ತಾಳೆ. ಅವನ ಹೃದಯ ಕೆಳಗೆ ಬೀಳುತ್ತದೆ, ಮರುಸಾಲಿನಲ್ಲಿ ಕೈಯಲ್ಲಿದ್ದ ವಿನೆಗರೂ ಬೀಳುತ್ತದೆ. ಅಂಗಡಿಯಾಕೆ ಚೀರುತ್ತಾಳೆ. ಪ್ರೇಮಗೀತೆಗಳಲ್ಲಿ ಹೃದಯ ಕಳೆದುಕೊಂಡವರು ಅಸಂಖ್ಯರಿದ್ದಾರೆ, ಆದರೆ ನೆಲ ಒರೆಸುವ ಹೊಣೆ ಹೊತ್ತವನು ನನಗೆ ತಿಳಿದಂತೆ ಇವನೊಬ್ಬನೇ. ಪರಿಚಯ ಮಾಡಿಸಬೇಕಾದರೆ ದಿನವೂ ತನ್ನ ಅಂಗಡಿಯಲ್ಲಿ ಏನಾದರೂ ಕೊಳ್ಳಬೇಕೆಂದು ಅಂಗಡಿಯಾಕೆ ಷರತ್ತು ಒಡ್ಡುತ್ತಾಳೆ. ಈ ಸಂಗತಿಯನ್ನು ಪಳಗಿದ ಗಾಯಕನೊಬ್ಬ ಆಲಾಪಿಸಿ ಹಾಡಿದ್ದರೆ ನಾವು ಕಂಠವನ್ನು ಮೆಚ್ಚುತ್ತಿದ್ದೆವೇ ಹೊರತು ಹುಡುಗನನ್ನು ನಂಬುತ್ತಿರಲಿಲ್ಲ. ಒರಟುತನದ ಬಗ್ಗೆ ನಾನು ಹೇಳುತ್ತಿರುವುದು ಇದನ್ನೇ.

ಇದೇ ಆಲ್ಬಂನ 'ಪರೆ ಕೊ' ಹಾಡಿನ ಬೈಗುಳವನ್ನು ಕುರಿತು ಬೇಕಾದಷ್ಟು ಚರ್ಚೆಯಾಗಿದೆ. ಗೆಳೆಯನೆದುರು ದುಃಖ ತೋಡಿಕೊಳ್ಳುವ ವಿದ್ಯಾರ್ಥಿ ಬಾಯಿ ಬಿಗಿಹಿಡಿದು ಮಾತನಾಡುತ್ತಾನೆಯೇ? ಪ್ರತಿ ಗಂಟೆಗೆ ಕನಿಷ್ಠ 4 ಸ್ವದೇಶಿ ಹಾಡುಗಳನ್ನು ಪ್ರಸಾರ ಮಾಡಬೇಕೆಂದು ಆಗಿನ ರಾಷ್ಟ್ರಾಧ್ಯಕ್ಷೆ ಕೊರಾಜಾನ್ ಅಕಿನೊ 1987ರಲ್ಲೇ ರೇಡಿಯೋ ಕೇಂದ್ರಗಳಿಗೆ ಆದೇಶಿಸಿದ್ದರು. ಆ ನಾಲ್ಕರಲ್ಲಿ ಇಂಥ ಹಾಡೂ ಬಂದೀತೆಂದು ಅವರು ಊಹಿಸಿರಲಾರರು.

ಸಭಾಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. 1994ರ 'ಸರ್ಕಸ್', 1995ರ 'ಕಟರ್‌ಪಿಲ್ಲೋ' ಆಲ್ಬಂಗಳು, 1997ರ ಎಂಟಿವಿ ಪ್ರಶಸ್ತಿ, ಇವುಗಳನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ಪರಂಪರೆಯ ಪ್ರಶ್ನೆಗೆ 2005ರ ಗೌರವ ಸಂಕಲನ 'ಅಲ್ಟ್ರಾಎಲೆಕ್ಟ್ರೋಮ್ಯಾಗ್ನೆಟಿಕ್‌ಜ್ಯಾಮ್!' ಉತ್ತಮ ಸಾಕ್ಷಿ. ಅದರಲ್ಲಿ 'ಪರೆ ಕೊ'ವನ್ನು ಸ್ಪಂಜ್ ಕೋಲಾ ತಂಡ, ಮೊದಲ ಆಲ್ಬಂನ ಮತ್ತೊಂದು ಹಾಡಾದ 'ಲಿಗಾಯಾ'ವನ್ನು ಗಾಯಕಿ ಕಿಚಿ ನಡಾಲ್ ಹಾಡಿದ್ದಾರೆ. ಇಬ್ಬರೂ ಮೂಲ ತಂಡಕ್ಕಿಂತ ಚೊಕ್ಕವಾಗಿ ಹಾಡಿದ್ದಾರೆ, ಆದರೂ ನಾನು ಮೂಲವನ್ನೇ ಕೇಳುತ್ತೇನೆ. ಇದು ಕೇವಲ ಹಳೆಯದರ ಮೋಹವೆನ್ನುವವರು ಪ್ರಶ್ನೋತ್ತರದ ವೇಳೆಯಲ್ಲಿ ದಯವಿಟ್ಟು ಎದ್ದು ನಿಲ್ಲಬೇಕು.