ಸಯಾಟಿಕಾ: ಕಾಲಿನ ನೋವು ಮೇಲಕ್ಕೆ ಹತ್ತುತ್ತಿದೆಯಾ, ಕೆಳಕ್ಕೆ ಇಳಿಯುತ್ತಿದೆಯಾ?

[ದೃಶ್ಯ: ಅಂಗಳದಲ್ಲಿ ಅಡಿಕೆ ಸುಲಿಯುತ್ತಿರುವವರು]

ನಮಸ್ಕಾರ. ಶಿರಸಿ, ಸಿದ್ದಾಪುರ ಕಡೆ ಅಡಿಕೆ ಸುಲಿಯುವ ಹೊತ್ತು ಬಂತು ಅಂದರೆ ಮೆಟ್ಟುಗತ್ತಿ ಮುಂದೆ ರಾತ್ರಿವರೆಗೂ ಬೆನ್ನು ಬಾಗಿಸಿ ಕೂರುತ್ತಾರೆ. ಇತ್ತ ಕಾರವಾರ, ಅಂಕೋಲಾದ ಮೀನುಪೇಟೆಯಲ್ಲಿ ಹೆಂಗಸರು ತುಂಬಿದ ಬುಟ್ಟಿ ಎತ್ತುತ್ತಾರೆ, ಇಳಿಸುತ್ತಾರೆ, ಮತ್ತೆ ತಗ್ಗಿನಲ್ಲೇ ಕೂರುತ್ತಾರೆ. ಒಂದು ದಿನ ಬಗ್ಗಿ ಏಳುವಾಗ ಸೊಂಟದಲ್ಲಿ ಚಳಕ್ ಅನ್ನುತ್ತದೆ. ಆಮೇಲೆ ನೋವು ಪೃಷ್ಠದಿಂದ ತೊಡೆಯ ಹಿಂಭಾಗ, ಮೀನಖಂಡ ಎಲ್ಲ ದಾಟಿ ಕರೆಂಟ್ ಹೊಡೆದ ಹಾಗೆ ಪಾದದವರೆಗೆ ಇಳಿಯುತ್ತದೆ. ಕೆಮ್ಮಿದರೆ, ಸೀನಿದರೆ ಇನ್ನೂ ಜಾಸ್ತಿ. ಇದೇ ಸಯಾಟಿಕಾ.

[ಚಿತ್ರ: ಸೊಂಟದ ಮಣಿ, ಡಿಸ್ಕ್, ನರ]

ಬೆನ್ನುಮೂಳೆಯ ಮಣಿಗಳ ನಡುವಿನ ಡಿಸ್ಕ್ ನೋಡಿ. ಒಳಗೆ ಮೆತ್ತನೆ ಲೋಳೆ, ಸುತ್ತ ಗಟ್ಟಿ ನಾರಿನ ಉಂಗುರ. ಉಂಗುರ ಸೀಳಿದರೆ ಲೋಳೆ ಹೊರಗೆ ಬಂದು ಪಕ್ಕದ ನರದ ಬೇರನ್ನು ಒತ್ತುತ್ತದೆ, ನರ ಕೆರಳುತ್ತದೆ. ಹೆಚ್ಚಾಗಿ ಕೆಡುವುದು ಕೊನೆಯ ಎರಡು ಡಿಸ್ಕ್. ರಿಪೋರ್ಟಿನಲ್ಲಿ ಎಲ್4-ಎಲ್5, ಎಲ್5-ಎಸ್1 ಅಂತ ಬರೆದಿರುತ್ತಾರಲ್ಲ, ಅವೇ. ಅಲ್ಲಿಂದ ಹೊರಟ ಬೇರುಗಳು ಸೇರಿ ಆಗುವ ಸಯಾಟಿಕ್ ನರ ನಮ್ಮ ಮೈಯಲ್ಲೇ ಅತಿ ದಪ್ಪ ನರ, ಕಾಲಿನುದ್ದಕ್ಕೂ ಹೋಗುತ್ತದೆ. ಹಾಗಾಗಿ ತೊಂದರೆ ಸೊಂಟದಲ್ಲಿದ್ದರೂ ಪಾದ ಉರಿಯುತ್ತದೆ.

ಈಗ ಮುಖ್ಯ ವಿಷಯ. ನೋವು ಎಷ್ಟಿದೆ ಅಂತ ನೋಡುವ ಜೊತೆಗೆ ಎಲ್ಲಿಯವರೆಗೆ ಇಳಿದಿದೆ ಅಂತಲೂ ದಿನಾ ನೋಡಿ. ಮೊನ್ನೆ ಹೆಬ್ಬೆರಳವರೆಗೆ ಇತ್ತು, ಇವತ್ತು ಮಂಡಿ ಹತ್ತಿರ ನಿಂತಿದೆ, ಆದರೆ ಸೊಂಟ ಮೊದಲಿಗಿಂತ ಜಾಸ್ತಿ ಹಿಡಿದಿದೆ ಅಂತಿಟ್ಟುಕೊಳ್ಳಿ. ತುಂಬಾ ಜನ ಇಲ್ಲೇ ಹೆದರಿ ವ್ಯಾಯಾಮ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ, ನೋವು ಹೀಗೆ ಕಾಲಿನಿಂದ ಸೊಂಟದ ಕಡೆಗೆ ಹಿಂದೆ ಸರಿಯುವುದು ಸಾಮಾನ್ಯವಾಗಿ ಗುಣವಾಗುವ ಲಕ್ಷಣ.

[ದೃಶ್ಯ: ಚಾಪೆಯ ಮೇಲೆ ಬೋರಲು ಮಲಗಿ ಮೊಣಕೈ ಊರುವುದು]

ಯಾವ ವ್ಯಾಯಾಮ ಅಂತ ಕೇಳುತ್ತೀರಿ, ಅಲ್ವಾ? ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ತೋರಿಸಿಕೊಂಡೇ ಶುರು ಮಾಡಿ, ಯಾಕೆಂದರೆ ಪಕ್ಕದ ಮನೆಯವರಿಗೆ ಹೊಂದಿದ್ದು ನಿಮಗೆ ಹೊಂದಲೇಬೇಕು ಅಂತಿಲ್ಲ. ಬೋರಲು ಮಲಗಿ, ಮೊಣಕೈ ಊರಿ, ನಿಧಾನಕ್ಕೆ ಎದೆ ಎತ್ತುವುದು ಹಲವರಿಗೆ ಒಗ್ಗುತ್ತದೆ. ಎತ್ತಿದಾಗ ಕಾಲಿನ ನೋವು ಮೇಲಕ್ಕೆ ಬಂದರೆ ಮುಂದುವರಿಸಿ. ಪಾದದ ಕಡೆ ಇಳಿದರೆ ಅಲ್ಲೇ ನಿಲ್ಲಿಸಿ.

ಹಾಸಿಗೆ ಹಿಡಿದು ಮಲಗಬೇಡಿ. ತೀರಾ ನೋವಿದ್ದರೆ ಒಂದೆರಡು ದಿನ, ಅಷ್ಟೇ. ಆಮೇಲೆ ಅಂಗಳದಲ್ಲೇ ಐದೈದು ನಿಮಿಷ, ದಿನಕ್ಕೆ ನಾಲ್ಕಾರು ಸಲ ನಡೆಯಿರಿ. ಹಾಸಿಗೆಯಿಂದ ಸೀದಾ ಏಳಬೇಡಿ. ಮೊದಲು ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಿ. ಅಡಿಕೆ ಸುಲಿಯಲೇಬೇಕು ಅಂದರೆ ನೋವು ಇಳಿದ ಮೇಲೆ ಎತ್ತರದಲ್ಲಿ ಕೂತು ಸುಲಿಯಿರಿ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ದೇವಿಮನೆ ಘಟ್ಟದ ಬಸ್ಸಿನಲ್ಲಿ ಹಿಂದಿನ ಸೀಟು ಬೇಡವೇ ಬೇಡ. ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಂಡರೆ ಹಿತ ಅನ್ನಿಸುತ್ತದೆ, ಮಾಡಿಕೊಳ್ಳಿ. ಆದರೆ ಉಳುಕು ತೆಗೆಯುತ್ತೇವೆ ಅಂತ ಸೊಂಟ ತುಳಿಯುವವರ ಹತ್ತಿರ, ಎಳೆದು ತಿರುಚುವವರ ಹತ್ತಿರ ಮಾತ್ರ ಹೋಗಬೇಡಿ, ಒತ್ತಿಕೊಂಡಿರುವ ನರ ಇನ್ನಷ್ಟು ಕೆಡಬಹುದು.

ಎಂಆರ್‌ಐ ರಿಪೋರ್ಟಿನಲ್ಲಿ ಡಿಸ್ಕ್ ಉಬ್ಬಿದೆ ಅಂತ ಓದಿ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಯಾವ ಬೆನ್ನುನೋವೂ ಇಲ್ಲದ 20 ವರ್ಷದವರನ್ನು ಸ್ಕ್ಯಾನ್ ಮಾಡಿದರೂ ಸುಮಾರು 30 ಶೇಕಡಾ ಜನರಲ್ಲಿ ಡಿಸ್ಕ್ ಉಬ್ಬಿರುತ್ತದೆ, 80 ವರ್ಷದವರಲ್ಲಿ 80 ಶೇಕಡಾ ದಾಟುತ್ತದೆ. ಅದೂ ಅಲ್ಲದೆ ಹೊರಗೆ ಬಂದ ಲೋಳೆಯನ್ನು ದೇಹವೇ ನಿಧಾನಕ್ಕೆ ಕರಗಿಸುತ್ತದೆ, ದೊಡ್ಡದಾಗಿ ಹೊರಬಿದ್ದ ತುಂಡೇ ಕರಗುವುದು ಜಾಸ್ತಿ! ಹೆಚ್ಚಿನವರಿಗೆ 6ರಿಂದ 12 ವಾರದಲ್ಲಿ ಆಪರೇಷನ್ ಇಲ್ಲದೆ ತುಂಬಾ ಕಡಿಮೆಯಾಗುತ್ತದೆ. ಅಷ್ಟು ದಿನ ಕಾದರೂ ಕಾಲಿನ ನೋವು ಬಗ್ಗದಿದ್ದರೆ ಆಪರೇಷನ್ ಬಗ್ಗೆ ಡಾಕ್ಟರ್ ಜೊತೆ ಮಾತಾಡಿ, ಕಾಲಿನ ನೋವು ಅದರಿಂದ ಬೇಗ ಇಳಿಯುತ್ತದೆ.

[ಪರದೆಯ ಮೇಲೆ ದೊಡ್ಡ ಅಕ್ಷರ: ಇವಿದ್ದರೆ ಕಾಯಬೇಡಿ]

ಹವಾಯಿ ಚಪ್ಪಲಿ ಒಂದೇ ಕಾಲಿನಿಂದ ಗೊತ್ತಾಗದೆ ಜಾರಿಹೋಗುತ್ತಿದೆಯಾ? ಗೋಡೆ ಹಿಡಿದು ಹಿಮ್ಮಡಿ ಮೇಲೆ ನಿಂತು ನೋಡಿ. ಪಾದದ ಮುಂಭಾಗ ಮೇಲೇಳದಿದ್ದರೆ ನರದ ಬಲ ಕುಗ್ಗುತ್ತಿದೆ, ಅವತ್ತೇ ಡಾಕ್ಟರಿಗೆ ತೋರಿಸಿ. ನೋವು ಕಡಿಮೆಯಾಗಿ ಜೋಮು ಜಾಸ್ತಿಯಾದರೆ ವಾಸಿಯಾಯಿತು ಅಂತ ಸುಮ್ನೆ ಕೂರಬೇಡಿ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಮಲದ ಹಿಡಿತ ತಪ್ಪುವುದು, ತೊಡೆಸಂದಿ ಮತ್ತು ಗುದದ ಸುತ್ತ ಮುಟ್ಟಿದ್ದೇ ಗೊತ್ತಾಗದಿರುವುದು, ಎರಡೂ ಕಾಲು ಸೋಲುವುದು. ಇವನ್ನು ಹೇಳಲು ಎಷ್ಟೋ ಜನರಿಗೆ, ಅದರಲ್ಲೂ ಮನೆಯ ಹೆಂಗಸರಿಗೆ ಸಂಕೋಚ. ನೀವೇ ಕೇಳಿ. ಇಲ್ಲಿ ತಡವಾದಷ್ಟೂ ಮೂತ್ರದ ತೊಂದರೆ ಕಾಯಂ ಆಗುವ ಅಪಾಯ ಹೆಚ್ಚು. ಒಂದೆರಡು ದಿನದೊಳಗೆ ಆಪರೇಷನ್ ಆಗಬೇಕು, ಬೇಗ ಆದಷ್ಟು ಒಳ್ಳೆಯದು. ಕಾರವಾರದಿಂದ ಹುಬ್ಬಳ್ಳಿಗೆ ಹೋಗಬೇಕಾದರೆ ಅರಬೈಲ್ ಘಟ್ಟ ಹತ್ತಬೇಕು, ಮಣಿಪಾಲ ಅಂದರೆ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ದಾರಿ. ಹಾಗಾಗಿ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ, ಹೊರಡುವ ಮೊದಲೇ ಆ ಆಸ್ಪತ್ರೆಯಲ್ಲಿ ಈ ಹೊತ್ತಿಗೆ ಎಂಆರ್‌ಐ ಮತ್ತು ಬೆನ್ನುಮೂಳೆ ಆಪರೇಷನ್ ಎರಡೂ ಸಿಗುತ್ತದೆಯಾ ಅಂತ ಕೇಳಿಕೊಳ್ಳಿ.