ಅಮ್ಮನ ಚಿಲ್ಲರೆ ಮತ್ತು ಕರ್ನಾಟಕ ಎಕ್ಸ್‌ಪ್ರೆಸ್ಸಿನ ದಾರಿ

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಡಿಯೋದಲ್ಲಿ ನಾನು ಎಲ್ಲಿಗೂ ಹೋಗ್ತಿಲ್ಲ. ಮನೆಯ ಊಟದ ಟೇಬಲ್, ಒಂದು ಲ್ಯಾಪ್‌ಟಾಪ್, ಒಂದು ಹಳೇ ಸ್ಕೂಲ್ ಅಟ್ಲಾಸ್, ಅಮ್ಮನ ಹೊಲಿಗೆ ಡಬ್ಬಿಯಿಂದ ಎತ್ತಿಕೊಂಡ ಕೆಂಪು ದಾರ. ಇಷ್ಟೇ ಸಾಮಾನು.

ಮುಂದಿನ ತಿಂಗಳು ಅಮ್ಮನನ್ನು ದೆಹಲಿಗೆ ಕರೆದುಕೊಂಡು ಹೋಗಬೇಕು, ಅಕ್ಕನ ಮನೆಗೆ. ವಿಮಾನ ಬೇಡವೇ ಬೇಡ ಅಂದರು. ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಸಿದೆ, ಅದೂ ಎಸಿ ಅಲ್ಲ, ಸ್ಲೀಪರ್. ಯಾಕೆ ಅಂದರೆ ಎಸಿ ಬೋಗಿಯ ಕಿಟಕಿ ತೆಗೆಯೋಕ್ಕಾಗಲ್ಲ. ಕಿಟಕಿ ತೆಗೆಯದಿದ್ದರೆ ನದಿಗೆ ಕಾಸು ಹಾಕೋದು ಹೇಗೆ? "ಯಾವ ಯಾವ ನದಿ ಬರತ್ತೆ, ಯಾವ ಹೊತ್ತಿಗೆ ಬರತ್ತೆ, ಬರೆದು ಕೊಡು. ಅಷ್ಟು ಚಿಲ್ಲರೆ ಎತ್ತಿಡ್ತೀನಿ" ಅಂದರು. ಈಗಿನ ಒಂದು, ಎರಡು ರೂಪಾಯಿ ನಾಣ್ಯ ತಾಮ್ರದ್ದಲ್ಲಮ್ಮ, ಬರೀ ಸ್ಟೀಲು ಅಂದೆ. ಕೇಳಿಸಲೇ ಇಲ್ಲ ಅನ್ನೋ ಹಾಗೆ ಅಡುಗೆಮನೆಗೆ ಹೋದರು.

ಸರಿ, ಶುರು ಮಾಡೋಣ.

ಮೊದಲು ಅಟ್ಲಾಸ್. ಬೆಂಗಳೂರಿನ ಮೇಲೆ ಸ್ಕೇಲ್ ಇಟ್ಟು ನೇರವಾಗಿ ಮೇಲಕ್ಕೆ ಗೆರೆ ಎಳೆಯಿರಿ. ಹೆಚ್ಚುಕಮ್ಮಿ ದೆಹಲಿಗೇ ಹೋಗಿ ಮುಟ್ಟುತ್ತೆ. ಎರಡೂ ಊರು ಸುಮಾರು 77 ಡಿಗ್ರಿ ರೇಖಾಂಶದ ಮೇಲೇ ಕೂತಿವೆ. ನಡುವೆ ರಾಯಚೂರು, ಭೋಪಾಲ್ ಕೂಡ ಅದೇ ಗೆರೆಯ ಆಸುಪಾಸಿನಲ್ಲಿವೆ. ಹಕ್ಕಿಯ ಹಾಗೆ ಹಾರಿದರೆ ಸುಮಾರು 1,740 ಕಿಲೋಮೀಟರ್. ರೈಲು ಓಡೋದು ಸುಮಾರು 2,400.

ಉಳಿದ ದೂರ ಎಲ್ಲಿ ಹೋಯ್ತು? ಅದಕ್ಕೇ ಈ ಕೆಂಪು ದಾರ. ನಿಲ್ದಾಣಗಳ ಮೇಲೆ ಗುಂಡುಪಿನ್ ಚುಚ್ಚಿ ದಾರ ಸುತ್ತುತ್ತಾ ಹೋದೆ. ರಾಯಚೂರಿನವರೆಗೆ ಗೆರೆ ಬಿಟ್ಟು ಜಾಸ್ತಿ ಅಲ್ಲಾಡಲಿಲ್ಲ. ಆಮೇಲೆ ದಾರ ಎಡಕ್ಕೆ ವಾಲಿತು. ಕಲಬುರಗಿ, ಸೊಲ್ಲಾಪುರ, ದೌಂಡ್, ಅಲ್ಲಿಂದ ಅಹಿಲ್ಯಾನಗರದ (ಹಿಂದಿನ ಅಹ್ಮದ್‌ನಗರ) ಮೇಲೆ ಮನ್ಮಾಡ್. ನಮ್ಮ ನೇರ ಗೆರೆಯಿಂದ ಸುಮಾರು 300 ಕಿಲೋಮೀಟರ್ ಪಶ್ಚಿಮಕ್ಕೆ! ಅಲ್ಲಿಂದ ಭುಸಾವಳ, ಖಂಡ್ವಾ, ಇಟಾರ್ಸಿ ಅಂತ ವಾಪಸ್ ಬಂದು ಭೋಪಾಲಿನಲ್ಲಿ ಮತ್ತೆ ಗೆರೆ ಮುಟ್ಟಿತು. ಆಮೇಲೆ ಝಾನ್ಸಿ ಕಡೆಗೆ ಬಲಕ್ಕೊಂದು ಸಣ್ಣ ಸೊಂಟ ತಿರುವು. ಆಮೇಲೆ ದೆಹಲಿ.

ಇಷ್ಟು ಸುತ್ತು ಯಾಕೆ ಅಂತ ನಿಮಗೂ ಅನ್ನಿಸಿರಬೇಕು, ಅಲ್ವಾ? ಈ ಹಳಿಗಳನ್ನು ಬೆಂಗಳೂರು-ದೆಹಲಿಗೆ ಅಂತ ಯಾರೂ ಹಾಕಿದ್ದಲ್ಲ. ರಾಯಚೂರಿನಿಂದ ದೌಂಡ್‌ವರೆಗಿನದು ಮುಂಬೈ-ಮದ್ರಾಸ್ ಮಾರ್ಗದ ತುಂಡು. ಮುಂಬೈ ಕಡೆಯಿಂದ ಒಂದು ಕಂಪನಿ, ಮದ್ರಾಸ್ ಕಡೆಯಿಂದ ಇನ್ನೊಂದು ಕಂಪನಿ ಹಳಿ ಹಾಕುತ್ತಾ ಬಂದು 1871ರಲ್ಲಿ ರಾಯಚೂರಿನಲ್ಲಿ ಸೇರಿದವು. ಮನ್ಮಾಡಿನಿಂದ ಇಟಾರ್ಸಿವರೆಗಿನದು ಮುಂಬೈ-ಕಲ್ಕತ್ತಾ ದಾರಿ. ಈ ಎರಡರ ನಡುವಿನ ದೌಂಡ್-ಮನ್ಮಾಡ್ ಹಳಿ 1878ರದು. ನಮ್ಮ ಬೆಂಗಳೂರು-ಗುಂತಕಲ್ ಹಳಿ ಮೊದಲು ಮೀಟರ್ ಗೇಜ್ ಇತ್ತು, ಅಗಲ ಮಾಡಿದ್ದು ಎಷ್ಟೋ ಕಾಲದ ಮೇಲೆ. ಅಜ್ಜಿ ಹಳೇ ಸೀರೆ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದರಲ್ಲ, ಈ ದಾರಿಯೂ ಹಾಗೇ.

ಈಗ ಲ್ಯಾಪ್‌ಟಾಪ್. ಗೂಗಲ್ ಮ್ಯಾಪಿನಲ್ಲಿ ರೈಲು ಹಳಿ ಅಂದರೆ ಕೂದಲೆಳೆಯಂಥ ಬೂದು ಗೆರೆ. ಸ್ವಲ್ಪ ದೂರ ಸರಿಸಿದರೆ ಮಾಯ. ಓಪನ್ ರೈಲ್ವೇ ಮ್ಯಾಪ್ ಅಂತ ಒಂದಿದೆ, ಅದರಲ್ಲಿ ಹಳಿಗಳಿಗೇ ಬಣ್ಣ ಹಚ್ಚಿದ್ದಾರೆ, ಅದನ್ನೇ ಹಿಡಿದುಕೊಂಡೆ. ಸ್ಯಾಟಲೈಟ್ ಚಿತ್ರದಲ್ಲಿ ಹಳಿ ಯಾವುದು, ರಸ್ತೆ ಯಾವುದು ಅಂತ ಗೊತ್ತಾಗಬೇಕಾದರೆ ತಿರುವು ನೋಡಿ. ರಸ್ತೆ ಗಕ್ಕನೆ ತಿರುಗುತ್ತೆ. ಹಳಿ ನಿಧಾನವಾಗಿ, ಮೈಲುಗಟ್ಟಲೆ ಬಾಗುತ್ತೆ.

ಬೆಂಗಳೂರು ಬಿಟ್ಟು ಯಲಹಂಕ, ದೊಡ್ಡಬಳ್ಳಾಪುರ, ಮಾಕಳಿದುರ್ಗದ ಗುಡ್ಡಗಳು, ಗೌರಿಬಿದನೂರು. ಅಷ್ಟೇ, ಕರ್ನಾಟಕ ಮುಗಿಯಿತು. ಮುಂದೆ ಹಿಂದೂಪುರ, ಆಂಧ್ರ. ಹೆಸರು ಕರ್ನಾಟಕ ಎಕ್ಸ್‌ಪ್ರೆಸ್, ಸಂಜೆ ಹೊರಟರೆ ಊಟದ ಹೊತ್ತಿಗೆಲ್ಲ ಕರ್ನಾಟಕದ ಹೊರಗೆ! ಪೆನುಕೊಂಡದ ಹತ್ತಿರ ಹಳಿ ಎರಡಾಗಿ ಒಡೆದು ಧರ್ಮಾವರದಲ್ಲಿ ಮತ್ತೆ ಕೂಡುತ್ತೆ. ಅನಂತಪುರ, ಗುಂತಕಲ್, ಆದೋನಿ ಎಲ್ಲ ನಿದ್ದೆಯಲ್ಲೇ ಹೋಗುತ್ತೆ.

ಮಂತ್ರಾಲಯಂ ರೋಡ್ ನಿಲ್ದಾಣ ದಾಟಿದ ಕೂಡಲೇ ಮೊದಲ ಕಾಸು. ತುಂಗಭದ್ರೆ. ಸೇತುವೆ ದಾಟಿದರೆ ಮತ್ತೆ ಕರ್ನಾಟಕ. ಆಮೇಲೆ ರಾಯಚೂರು, ಅದರಾಚೆ ಕೃಷ್ಣೆ, ಎರಡನೇ ಕಾಸು. ಈ ಎರಡು ನದಿಗಳ ನಡುವಿನ ನೆಲವನ್ನೇ ನಮ್ಮ ಹಳಬರು ಎಡೆದೊರೆ ಅಂತ ಕರೆದದ್ದು. ಮ್ಯಾಪಿನಲ್ಲಿ ಎರಡು ಸೇತುವೆಗಳನ್ನೂ ಒಟ್ಟಿಗೆ ನೋಡಿದಾಗ ಆ ಹೆಸರು ಎಷ್ಟು ಸರಿಯಾಗಿದೆ ಅನ್ನಿಸಿತು. ಕೃಷ್ಣೆ ದಾಟಿದ ಮೇಲೆ ಬರೋ ನಿಲ್ದಾಣದ ಹೆಸರೂ ಕೃಷ್ಣ, ಆದರೆ ಅದು ತೆಲಂಗಾಣದಲ್ಲಿದೆ. ಒಂದು ಚೂರು ತೆಲಂಗಾಣ, ಮತ್ತೆ ಸೈದಾಪುರದಿಂದ ಕರ್ನಾಟಕ.

ಅಮ್ಮನಿಗೆ ಇಲ್ಲೇ ತಕರಾರು. "ಮಂತ್ರಾಲಯದ ಹತ್ತಿರ ಹೋಗೋವಾಗ ನಡುರಾತ್ರಿ ಆಗಿರತ್ತಲ್ಲೋ!" ಹೌದಮ್ಮ, ಅಲಾರಂ ಇಡ್ತೀನಿ ಅಂದೆ.

ಯಾದಗಿರಿ, ವಾಡಿ. ವಾಡಿಯ ಸುತ್ತ ಸ್ಯಾಟಲೈಟ್ ಚಿತ್ರ ನೋಡಿ, ಬೆಳ್ಳಗೆ ದೊಡ್ಡ ದೊಡ್ಡ ಗುಂಡಿಗಳು. ಸುಣ್ಣದ ಕಲ್ಲಿನ ಗಣಿಗಳು, ಪಕ್ಕದಲ್ಲೇ ಸಿಮೆಂಟ್ ಕಾರ್ಖಾನೆ. ಇಲ್ಲಿಂದಲೇ ಒಂದು ಹಳಿ ಬಲಕ್ಕೆ ಸಿಕಂದರಾಬಾದಿಗೆ ಹೋಗುತ್ತೆ, 1874ರ ನಿಜಾಮರ ಕಾಲದ್ದು. ಬೆಂಗಳೂರಿನ ರಾಜಧಾನಿ ಎಕ್ಸ್‌ಪ್ರೆಸ್ ಹಿಡಿಯೋದು ಅದೇ ಕಡೆಯನ್ನು. ಅದು ನಾಗ್ಪುರದ ಮೇಲೆ ಬಂದು ಇಟಾರ್ಸಿಯಲ್ಲಿ ನಮ್ಮ ದಾರಿಗೆ ಸೇರುತ್ತೆ. ಎರಡೂ ದಾರಿಗೆ ದಾರ ಸುತ್ತಿದರೆ ನಡುವೆ ದೊಡ್ಡ ಮೊಟ್ಟೆಯಂಥ ಆಕಾರ ಬರುತ್ತೆ.

ಕಲಬುರಗಿ ಆದ ಮೇಲೆ ಮಹಾರಾಷ್ಟ್ರ. ಗಡಿ ದಾಟಿತು ಅಂತ ಮ್ಯಾಪ್ ಹೇಳುತ್ತೆ, ಕಿವಿ ಹೇಳಲ್ಲ. ದುಧನಿ, ಅಕ್ಕಲಕೋಟೆ, ಸೊಲ್ಲಾಪುರದವರೆಗೂ ಕನ್ನಡ ಕೇಳಿಸುತ್ತಲೇ ಇರುತ್ತೆ.

ಜೇವೂರು ದಾಟಿ ಭಿಗವಣ್ ಬರೋ ಮುಂಚೆ ಉಜನಿ ಅಣೆಕಟ್ಟಿನ ಹಿನ್ನೀರು. ಅದು ಭೀಮೆ, ಮೂರನೇ ಕಾಸು. ಚಳಿಗಾಲದಲ್ಲಿ ಇಲ್ಲಿಗೆ ರಾಜಹಂಸಗಳು ಬರುತ್ತವೆ. ಹಗಲಿನಲ್ಲೇ ಬರುತ್ತೆ, ಕ್ಯಾಮೆರಾ ಕೈಯಲ್ಲೇ ಇರುತ್ತೆ.

ದೌಂಡ್‌ನಲ್ಲಿ ನಾನು ಯಡವಟ್ಟು ಮಾಡಿಕೊಂಡೆ. ಹಳಿ ಹಿಡಿದುಕೊಂಡು ಹೋಗಿ ಹೋಗಿ ಪುಣೆ ತಲುಪಿಬಿಟ್ಟಿದ್ದೆ! ಮನ್ಮಾಡ್ ಎಲ್ಲಿ ಅಂತ ಹುಡುಕುತ್ತಾ ವಾಪಸ್ ಬಂದೆ. ಆಮೇಲೆ ಅರ್ಥವಾಯಿತು. ಸೊಲ್ಲಾಪುರದ ಹಳಿ, ಮನ್ಮಾಡಿನ ಹಳಿ ಎರಡೂ ದೌಂಡ್ ನಿಲ್ದಾಣಕ್ಕೆ ಒಂದೇ ಕಡೆಯಿಂದ ಬರುತ್ತವೆ. ಹಿಂದೆ ಇಲ್ಲಿ ಎಂಜಿನ್ ಕಳಚಿ, ಇನ್ನೊಂದು ತುದಿಗೆ ಜೋಡಿಸಿ, ರೈಲು ಹಿಂದುಮುಂದಾಗಿ ಹೊರಡುತ್ತಿತ್ತು. ಈಗ ಎರಡನ್ನೂ ಸೇರಿಸೋ ಅಡ್ಡ ಹಳಿ ಇದೆ. ಚಿತ್ರ ದೊಡ್ಡದು ಮಾಡಿದರೆ ತ್ರಿಕೋನ ಚೆನ್ನಾಗಿ ಕಾಣುತ್ತೆ.

ಅಲ್ಲಿಂದ ಹೊರಟ ಕೂಡಲೇ ಮತ್ತೆ ಭೀಮೆ. "ಒಂದೇ ನದಿಗೆ ಎರಡು ಸಲ ಹಾಕಬೇಕಾ?" ಅಂತ ಕೇಳಿದೆ. "ಎರಡು ಸಲ ಸಿಕ್ಕಿದ್ರೆ ಎರಡು ಸಲ ನಮಸ್ಕಾರ ಮಾಡಲ್ವೇನೋ?" ಸರಿ, ನಾಲ್ಕು. ಕೋಪರ್‌ಗಾಂವ್ ಹತ್ತಿರ ಗೋದಾವರಿ, ಐದು. ಭುಸಾವಳ ಬಿಟ್ಟ ಮೇಲೆ ತಾಪಿ, ಆರು.

ಮುಂದೆ ಬುರ್ಹಾನ್‌ಪುರ. ಇಲ್ಲಿ ಸ್ವಲ್ಪ ಹೊತ್ತು ಮ್ಯಾಪ್ ಅಲ್ಲಾಡಿಸದೆ ಕೂತೆ. ಮುಮ್ತಾಜ್ 1631ರಲ್ಲಿ ತೀರಿಕೊಂಡದ್ದು ಈ ಊರಲ್ಲೇ. ಆರು ತಿಂಗಳ ಮೇಲೆ ದೇಹವನ್ನು ಆಗ್ರಾಕ್ಕೆ ಒಯ್ದರು. ನಮ್ಮ ರೈಲು ಬುರ್ಹಾನ್‌ಪುರಕ್ಕೆ ಸಂಜೆ ಹೊತ್ತಿಗೆ ಬಂದರೆ, ಆಗ್ರಾಕ್ಕೆ ಮರುದಿನ ಬೆಳಿಗ್ಗೆ. ಒಂದು ರಾತ್ರಿಯ ದಾರಿ.

ಇಟಾರ್ಸಿ ಆದ ಮೇಲೆ ನರ್ಮದೆ, ಏಳು. ತಾಪಿ, ನರ್ಮದೆ ಎರಡೂ ಪಶ್ಚಿಮಕ್ಕೆ ಹರಿಯುತ್ತವೆ, ಹಿಂದಿನವೆಲ್ಲ ಪೂರ್ವಕ್ಕೆ. ಭೋಪಾಲ್ ದಾಟಿ, ವಿದಿಶಾ ಬರೋ ಮುಂಚೆ ಕರ್ಕಾಟಕ ಸಂಕ್ರಾಂತಿ ವೃತ್ತ. ಕಣ್ಣಿಗೆ ಏನೂ ಕಾಣಲ್ಲ, ನಡುರಾತ್ರಿ ಬೇರೆ. ಗ್ವಾಲಿಯರ್ ಆಚೆ, ಧೋಲ್‌ಪುರಕ್ಕೆ ಮುಂಚೆ ಚಂಬಲ್, ಎಂಟು. ಕಣಿವೆಯ ಕೊರಕಲು ಮ್ಯಾಪಿನಲ್ಲಿ ಎಲೆಯ ನರಗಳ ಹಾಗೆ ಕಾಣುತ್ತೆ. ಡಕಾಯಿತರ ನದಿಗೂ ಕಾಸಾ ಅಂದೆ. ನದಿ ಏನು ಪಾಪ ಮಾಡಿದೆ ಅಂದರು.

ಒಂಬತ್ತನೆಯದು ಯಮುನೆ ಅಂತ ಬರೆಯೋಕೆ ಹೋದೆ. ಆಗ್ರಾ, ಮಥುರಾ, ದೆಹಲಿ ಎಲ್ಲ ಯಮುನೆಯ ದಂಡೆಯ ಊರುಗಳೇ ತಾನೇ? ಆದರೆ ಹಳಿ ಉದ್ದಕ್ಕೂ ನದಿಯ ಪಶ್ಚಿಮ ದಡದಲ್ಲೇ ಹೋಗುತ್ತೆ. ಮೂರು ಸಲ ನೋಡಿದೆ, ನವದೆಹಲಿ ನಿಲ್ದಾಣದವರೆಗೂ ಒಂದು ಸಲವೂ ಯಮುನೆ ದಾಟಲ್ಲ.

ಅಮ್ಮ ಆಗಲೇ ಒಂಬತ್ತು ನಾಣ್ಯ ಎಣಿಸಿ ಕರ್ಚೀಫಿನಲ್ಲಿ ಕಟ್ಟಿಟ್ಟಿದ್ದರು. ವಿಷಯ ಹೇಳಿದೆ. ಒಂದು ನಿಮಿಷ ಯೋಚನೆ ಮಾಡಿ, "ಇರಲಿ, ಅದನ್ನ ನಿಮ್ಮಕ್ಕನ ಕೈಗೆ ಕೊಡ್ತೀನಿ. ದಿನಾ ಮೆಟ್ರೋದಲ್ಲಿ ಯಮುನೆ ದಾಟಿ ತಾನೇ ಆಫೀಸಿಗೆ ಹೋಗೋದು" ಅಂದರು.

ಮೆಟ್ರೋದ ಕಿಟಕಿ ವಿಷಯ ನಾನಿನ್ನೂ ಬಾಯಿ ಬಿಟ್ಟಿಲ್ಲ.