ಚೆನ್ನೆಮಣೆಯಲ್ಲಿ ಓಡ್ತಿದ್ದ ಬಸ್ಸು

ನಮಸ್ಕಾರ. ಹೋದ ವಾರ ಮಂಗ್ಳೂರಿನ ಕಂಕನಾಡಿ ಹತ್ರ ಒಂದು ಥೆರಪಿ ಸೆಂಟರಿನ ಹೊರಗೆ ಕೂತಿದ್ದೆ, ಪಕ್ಕದಲ್ಲಿ ಒಬ್ರು ಅಮ್ಮ ಇದ್ರು, ಅವರ ಮಗನಿಗೆ ಎಂಟೋ ಒಂಬತ್ತೋ ವರ್ಷ, ಆಟಿಸಂ (ಬೆರೆಯುದು, ಮಾತಾಡುದು, ಸುತ್ತಲಿನದ್ದನ್ನು ಗ್ರಹಿಸುದು ಬೇರೆ ರೀತಿ ಇರುವ ಸ್ಥಿತಿ) ಅಂತ ಗೊತ್ತಾಗಿ ಎರಡು ವರ್ಷ ಆಯ್ತಂತೆ. ಹುಡುಗ ಕಿಟಕಿ ಕಡೆ ನೋಡ್ಕೊಂಡು ತನ್ನಷ್ಟಕ್ಕೆ ನಗ್ತಿದ್ದ, ಬೆರಳು ಆಡಿಸ್ತಿದ್ದ, ಬಾಯಲ್ಲಿ ಎಂತದೋ ಪಿಸುಪಿಸು. ಅವರು ನನ್ನತ್ರ ಕೇಳಿದ್ರು, "ಇದೊಂದು ನಿಲ್ಲಿಸ್ಲಿಕ್ಕೆ ಎಂತ ಮಾಡ್ಬೇಕು ಮೇಡಂ? ಇಡೀ ದಿನ ಬೇರೆ ಲೋಕದಲ್ಲೇ ಇರ್ತಾನೆ." ನನಗೆ ಆಗ ಉತ್ತರ ಹೇಳ್ಲಿಕ್ಕೆ ಆಗ್ಲಿಲ್ಲ, ಒಳಗಿಂದ ಕರೆದ್ರು, ಅವರು ಹೋದ್ರು. ಅವತ್ತಿಂದ ಮನಸ್ಸಲ್ಲಿ ಅದೇ ಸುತ್ತುತ್ತಾ ಉಂಟು, ಹಾಗಾಗಿ ಇವತ್ತು ಹೇಳುದು ಅವರಿಗೆ.

ನಾನೂ ಆಟಿಸ್ಟಿಕ್. ಗೊತ್ತಾದದ್ದು ಮೂವತ್ತೊಂದನೇ ವರ್ಷದಲ್ಲಿ. ಚಿಕ್ಕದಿರುವಾಗ ರಜೆಗೆ ಉಡುಪಿ ಹತ್ರ ಅಜ್ಜನ ಮನೆಗೆ ಹೋಗ್ತಿದ್ದೆ, ಅಲ್ಲಿ ಒಂದು ಹಳೇ ಚೆನ್ನೆಮಣೆ ಇತ್ತು, ಗುಳಿಗಳಿಗೆ ಕಾಯಿ ಹಾಕಿ ಆಡುವ ಮಣೆ, ಈ ಬದಿ ಏಳು ಆ ಬದಿ ಏಳು, ಒಟ್ಟು 14 ಗುಳಿ, ಕೆಂಪು ಮಂಜೊಟ್ಟಿ ಕಾಯಿ. ಅಜ್ಜಿ ಅದನ್ನು ಮಳೆಗಾಲದ ಆಟಿ ತಿಂಗಳಲ್ಲಿ ಬಿಟ್ರೆ ಹೊರಗೆ ತೆಗಿಲಿಕ್ಕೆ ಬಿಡ್ತಿರ್ಲಿಲ್ಲ, ಆದ್ರೂ ನಾನು ತೆಗೀತಿದ್ದೆ. ನನಗೆ ಅದು ಚೆನ್ನೆ ಅಲ್ಲ, ಅದು ನನ್ನ ಬಸ್ ರೂಟು. ಉಡುಪಿಯಿಂದ ಮಂಗ್ಳೂರಿಗೆ ಹೋಗ್ಲಿಕ್ಕೆ ಏಳು ಸ್ಟಾಪು, ವಾಪಸ್ ಬರ್ಲಿಕ್ಕೆ ಏಳು ಸ್ಟಾಪು, ಕಾಯಿಗಳೆಲ್ಲ ಪ್ಯಾಸೆಂಜರು. ಪಡುಬಿದ್ರಿಯಲ್ಲಿ ನಾಲ್ಕು ಜನ ಹತ್ತಿದ್ರೆ ಅದ್ರಲ್ಲಿ ಒಬ್ಬರಿಗೆ ಸುರತ್ಕಲ್ಲಲ್ಲಿ ಇಳಿಲಿಕ್ಕೆ ಅರ್ಜೆಂಟು, ಮೂಲ್ಕಿಯಲ್ಲಿ ಒಬ್ರು ಬಂಗುಡೆ ಬುಟ್ಟಿ ಹಿಡ್ಕೊಂಡು ಹತ್ತುದು, ಕಂಡಕ್ಟರ್ ಬೊಬ್ಬೆ ಹಾಕುದು, ಮಳೆಗೆ ಟರ್ಪಾಲು ಕೆಳಗೆ ಬಿಡುದು, ಇದೆಲ್ಲ ಮಂಡೆಯೊಳಗೆ ಕಣ್ಣಿಗೆ ಕಂಡ ಹಾಗೇ ನಡೀತಿತ್ತು. ಟೈಮಿಂಗ್ ಕೂಡ ಇತ್ತು, ಒಂದು ನಿಮಿಷ ತಪ್ಪಿದ್ರೆ ಮೊದಲಿಂದ ಶುರು.

ಶಾಲೆಗೂ ಅದೇ ಕಾಯಿ ಕಿಸೆಯಲ್ಲಿ ಹಾಕ್ಕೊಂಡು ಹೋಗ್ತಿದ್ದೆ. ಅಲ್ಲಿ ಉಳಿದ ಹುಡುಗಿಯರು ಗೆರಟೆಯಲ್ಲಿ ಮಣ್ಣು ಕಲಸಿ ಅನ್ನ ಸಾಂಬಾರು ಮಾಡಿ ಬಡಿಸ್ತಿದ್ರು, ಟೀಚರಿಗೆ ಅದು ನೋಡಿ ಖುಷಿ, ಎಷ್ಟು ಚಂದ ಕಲ್ಪನೆ ಅಂತ. ನನ್ನ ಬಗ್ಗೆ ಅಮ್ಮನ ಹತ್ರ ಹೇಳಿದ್ದು, "ಇವಳು ಕಾಯಿ ಸಾಲಿಡುದು ಮಾತ್ರ, ಆಡ್ಲಿಕ್ಕೆ ಬರುದಿಲ್ಲ, ಕಲ್ಪನೆ ಇಲ್ಲ." ಆ ಸಾಲಿನಲ್ಲಿ ಎಷ್ಟು ಜನ ಕೂತಿದ್ರು ಅಂತ ಒಂದು ಸಲ ಆದ್ರೂ ಕೇಳ್ಬಹುದಿತ್ತು ಅಲ್ವಾ.

ಆಮೇಲೆ ದೊಡ್ಡ ಆದ್ಮೇಲೆ ಓದುವಾಗ ಗೊತ್ತಾಯ್ತು ಇದು ನನ್ನೊಬ್ಬಳ ಕಥೆ ಅಲ್ಲ ಅಂತ. ಆಟಿಸಂ ಅನ್ನುವ ಶಬ್ದ ಹುಟ್ಟಿದ್ದೇ ಈ ವಿಷಯದಲ್ಲಿ. 1911ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಬಗ್ಗೆ ಬರೆದ ಪುಸ್ತಕದಲ್ಲಿ, ಹೊರಗಿನದ್ದು ಬಿಟ್ಟು ಒಳಗಿನ ಲೋಕದಲ್ಲೇ ಇದ್ದುಬಿಡುದಕ್ಕೆ ಈ ಹೆಸರು ಇಟ್ಟಿದ್ರು, ಗ್ರೀಕಲ್ಲಿ ಆಟೋಸ್ ಅಂದ್ರೆ ತಾನು. 1943ರಲ್ಲಿ ಅಮೆರಿಕದಲ್ಲಿ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆಯುವಾಗ ಅದೇ ಶಬ್ದ ತೆಗೊಂಡ್ರು. ಮತ್ತೆ 1979ರಲ್ಲಿ ಲಂಡನ್ನಿನಲ್ಲಿ ಲೋರ್ನಾ ವಿಂಗ್ ಮತ್ತು ಜೂಡಿತ್ ಗೌಲ್ಡ್ ಅನ್ನುವ ಸಂಶೋಧಕರು ಇಂಥ ಮಕ್ಕಳಲ್ಲಿ ಮೂರು ಕೊರತೆ ಒಟ್ಟಿಗೆ ಇರ್ತದೆ ಅಂದ್ರು, ಬೆರೆಯುದು, ಮಾತುಕತೆ, ಮತ್ತೆ ಕಲ್ಪನೆ. 2001ರಲ್ಲಿ ಕೇಂಬ್ರಿಡ್ಜಿನವರು ಆಟಿಸಂ ಲಕ್ಷಣ ಅಳೆಯಲಿಕ್ಕೆ ಮಾಡಿದ 50 ಪ್ರಶ್ನೆಯ ಪಟ್ಟಿಯಲ್ಲೂ ಕಲ್ಪನೆಗೆ ಅಂತಲೇ 10 ಪ್ರಶ್ನೆ ಉಂಟು. ನೋಡಿ, ಮೊದಲು ಕನಸಲ್ಲೇ ಮುಳುಗಿದವರು ಅಂತ ಹೆಸರಿಟ್ರು, ಆಮೇಲೆ ಕಲ್ಪನೆಯೇ ಇಲ್ಲದವರು ಅಂತ ಅಳತೆ ಮಾಡಿದ್ರು. ಲೋರ್ನಾ ವಿಂಗ್ ಮೇಲೆ ನನಗೆ ಸಿಟ್ಟಿಲ್ಲ, ಅವರ ಮಗಳೇ ಆಟಿಸ್ಟಿಕ್ ಆಗಿದ್ರು, ಅವರು ಹೇಳಿದ್ದು ಹೆಚ್ಚಾಗಿ ನಟನೆಯ ಆಟ ಮತ್ತೆ ಇನ್ನೊಬ್ಬರ ಮನಸ್ಸು ಊಹಿಸುದರ ಬಗ್ಗೆ. ಆದ್ರೆ ಆ ಮಾತು ಕ್ಲಾಸಿಗೆ ಇಳಿದು ಬರುವಾಗ "ಈ ಮಗುವಿನ ತಲೆಯಲ್ಲಿ ಎಂತದ್ದೂ ಇಲ್ಲ" ಅಂತ ಆಗಿಬಿಟ್ಟಿತ್ತು, ಅದು ನನಗೆ ತಾಗಿದೆ.

ನಮ್ಮ ಊರಿನವರಿಗೆ ಇದು ಅರ್ಥ ಆಗ್ಬೇಕಲ್ಲ ಮಾರಾಯ್ರೆ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಪಂಚೆ ಶಲ್ಯದಲ್ಲಿ ಕೂತ್ಕೊಂಡು ಒಬ್ರು ಕರ್ಣ ಒಬ್ರು ಕೃಷ್ಣ, ಎದುರು ಕೂತವರು ಗಂಟೆಗಟ್ಟಲೆ ಕೇಳ್ತಾರೆ, ಅಳ್ತಾರೆ ಕೂಡ. ಅವರನ್ನು ಬೇರೆ ಲೋಕದಲ್ಲಿದ್ದಾರೆ ಅಂತ ಯಾರೂ ಥೆರಪಿಗೆ ಕರ್ಕೊಂಡು ಹೋಗುದಿಲ್ಲ. ನಾನು ಬ್ಯಾಂಕಿಗೆ ಒಂದು ಫೋನ್ ಮಾಡುವ ಮೊದಲು ಮಂಡೆಯೊಳಗೆ ಮಾಡುದೂ ಹೆಚ್ಚುಕಮ್ಮಿ ಅದೇ, ಅವರದ್ದೂ ನಾನೇ ಹೇಳ್ತೇನೆ, ನನ್ನದೂ ನಾನೇ ಹೇಳ್ತೇನೆ, ಹತ್ತು ಸಲ. ಮುಗಿದ ಮೇಲೆ ರಾತ್ರಿ ಮತ್ತೊಮ್ಮೆ, ಎಲ್ಲಿ ತಪ್ಪಿತು ಅಂತ. ಹೊರಗಿಂದ ನೋಡಿದವರಿಗೆ ನಾನು ಸುಮ್ನೆ ಗೋಡೆ ನೋಡ್ತಾ ಇರುದು.

ಇನ್ನು ದಣಿವಿನ ವಿಷಯ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಲ್ಲಿ ಸಂಜೆ ಆರಕ್ಕೆ ನಿಂತು ನೋಡಿ, ಹಾರ್ನು, ಊರು ಊರಿನ ಹೆಸರು ಕರೆಯುವ ಬೊಬ್ಬೆ, ಡೀಸಿಲು, ಮೀನು, ಮೈಗೆ ಮೈ ತಾಗುದು, ಎಲ್ಲ ಒಂದೇ ಸಲ ಒಳಗೆ ಬರ್ತದೆ ನನಗೆ, ಯಾವುದನ್ನೂ ಬದಿಗಿಡ್ಲಿಕ್ಕೆ ಆಗುದಿಲ್ಲ. ಆಗ ಬಸ್ಸಲ್ಲಿ ಕಿಟಕಿ ಸೀಟು ಸಿಕ್ಕಿ ಕಣ್ಣು ಮುಚ್ಚಿ ನನ್ನ ರೂಟಿಗೆ ಹೋದ್ರೆ ಹಳೆಯಂಗಡಿ ಬರುವಷ್ಟರಲ್ಲಿ ಉಸಿರು ಸಮ ಆಗ್ತದೆ. ಇದನ್ನು ನಿಲ್ಲಿಸಿದ್ರೆ ನಾನು ಮನೆಗೆ ಬಂದು ಮುಟ್ಟುದು ಹೇಗೆ?

ಹಾಗಂತ ಎಲ್ಲ ಒಳ್ಳೆಯದೇ ಅಂತ ಹೇಳುದಿಲ್ಲ. ಒಂದು ವರ್ಷ ಕೆಲಸದ ಜಾಗದಲ್ಲಿ ತುಂಬ ಕಷ್ಟ ಇತ್ತು, ಆಗ ನಾನು ಊಟ ಬಿಟ್ಟು, ನಿದ್ದೆ ಬಿಟ್ಟು ಕನಸಲ್ಲೇ ಇರ್ತಿದ್ದೆ, ಹೊರಗೆ ಬರ್ಲಿಕ್ಕೆ ಮನಸ್ಸಾದ್ರೂ ಆಗ್ತಿರ್ಲಿಲ್ಲ. ಇಂಥದ್ದಕ್ಕೆ 2002ರಲ್ಲಿ ಇಸ್ರೇಲಿನ ಮನಶ್ಶಾಸ್ತ್ರಜ್ಞ ಎಲಿ ಸೋಮರ್ ಮಾಲಡ್ಯಾಪ್ಟಿವ್ ಡೇಡ್ರೀಮಿಂಗ್, ಅಂದ್ರೆ ಬದುಕಿಗೇ ತೊಂದರೆ ಮಾಡುವ ಹಗಲುಗನಸು, ಅಂತ ಹೆಸರು ಕೊಟ್ಟಿದ್ದಾರೆ, ರೋಗಗಳ ಅಧಿಕೃತ ಪಟ್ಟಿಗೆ ಅದು ಸೇರಿಲ್ಲ. ನನಗೆ ಸಹಾಯ ಆದದ್ದು ಕನಸು ಬಿಡು ಅಂದವರಿಂದ ಅಲ್ಲ, ಆಫೀಸಲ್ಲಿ ಎಂತ ಆಗ್ತಾ ಉಂಟು ಅಂತ ಕೇಳಿದ ಕೌನ್ಸೆಲರಿಂದ. ಇನ್ನೊಂದು, ಮಗು ಮಾಡ್ತಿದ್ದದ್ದು ಅರ್ಧಕ್ಕೆ ಗಕ್ಕನೆ ನಿಲ್ಲಿಸಿ, ಕೆಲವು ಸೆಕೆಂಡು ನೋಟ ಸ್ಥಿರ, ಮುಟ್ಟಿ ಕರೆದ್ರೂ ಗೊತ್ತಾಗುದಿಲ್ಲ, ಮತ್ತೆ ಏನೂ ಆಗದವರ ಹಾಗೆ ಶುರು ಮಾಡಿದ್ರೆ ಅದು ಅಪಸ್ಮಾರ (ಫಿಟ್ಸ್) ಇರ್ಬಹುದು. ಆಟಿಸಂ ಇದ್ದವರಲ್ಲಿ ಅದು ಜಾಸ್ತಿ. ಅದಕ್ಕೆ ನ್ಯೂರಾಲಜಿ ಡಾಕ್ಟರಿಗೆ ತೋರಿಸ್ಲೇಬೇಕು, ಮುಂದೆ ಹಾಕ್ಬೇಡಿ.

ಆದ್ರೆ ನಗ್ತಾ, ಬೆರಳು ಆಡಿಸ್ತಾ, ಕರೆದ್ರೆ ನಿಧಾನಕ್ಕೆ ತಿರುಗುವ ಹುಡುಗನ ಹತ್ರ ಮೊದಲು ಕೂತು ನೋಡಿ ಅಮ್ಮಾ. "ಎಂತ ಮಾಡ್ತಿದ್ದಿ" ಅಂತ ಕೇಳ್ಬೇಡಿ, ಅದು ಬೈದ ಹಾಗೆ ಕೇಳ್ತದೆ. ಮಾತು ಬರದಿದ್ರೂ ಪರ್ವಾಗಿಲ್ಲ, ಅವನು ನೋಡುವ ಕಡೆ ನೀವೂ ಸ್ವಲ್ಪ ಹೊತ್ತು ನೋಡಿ.

ನನ್ನ ಅಜ್ಜ ಹಾಗೆ ಮಾಡಿದ್ರು. ಒಂದಿನ ಮಧ್ಯಾಹ್ನ ಎಲೆ ಅಡಿಕೆ ಹಾಕ್ಲಿಕ್ಕೆ ಜಗಲಿಗೆ ಬಂದವರು ನನ್ನ ಎದುರು ಕೂತು, ಸುಮಾರು ಹೊತ್ತು ನೋಡಿ, ಕೈಯಲ್ಲಿದ್ದ ಅಡಿಕೆ ಹೋಳನ್ನು ಮೆಲ್ಲ ಮೂರನೇ ಗುಳಿಗೆ ಇಟ್ರು. "ನನ್ನನ್ನು ಪಾಂಗಾಳದಲ್ಲಿ ಇಳಿಸು ಮಗಾ" ಅಂದ್ರು. "ಅಜ್ಜ, ಇದು ಎಕ್ಸ್‌ಪ್ರೆಸ್, ಪಾಂಗಾಳದಲ್ಲಿ ನಿಲ್ಲುದಿಲ್ಲ" ಅಂದೆ. "ಹೌದಾ" ಅಂತ ಅಡಿಕೆ ತೆಗ್ದು ಪುನಃ ಕೈಯಲ್ಲಿ ಹಿಡ್ಕೊಂಡು ಅಲ್ಲೇ ಕೂತ್ರು, ನನ್ನ ಮುಂದಿನ ಬಸ್ಸು ಬರುವವರೆಗೆ.